ಹುಳ ಹಣ್ಣಾಗುವ ಹೊತ್ತಿಗೆ

ರೇಷ್ಮೆ ಹುಳ ಇರುವ ಮನೆಗೆ ಸೀಮೆಎಣ್ಣೆ ತರಬಾರದು ಎನ್ನುವುದು ನಮ್ಮತ್ತೆ ಮಾಯಮ್ಮನವರ ಕಾನೂನು. ಬೀಡಿ, ಅಗರಬತ್ತಿ, ಮುಖದ ಪೌಡರು, ಈರುಳ್ಳಿ ಒಗ್ಗರಣೆ, ಇವಕ್ಕೆಲ್ಲ ತಡೆ ಇದ್ದೇ ಇತ್ತು. ಆದರೆ ಸೀಮೆಎಣ್ಣೆಯ ಹೆಸರು ಕೇಳಿದರೇ ಅವರ ಮೂಗು ಅರಳುತ್ತಿತ್ತು. ಮದುವೆಯಾಗಿ ಹೊಂಗನೂರಿಗೆ ಬಂದ ಹೊಸದರಲ್ಲಿ, ಇದು ಸೊಸೆಯನ್ನು ಹದ್ದುಬಸ್ತಿನಲ್ಲಿಡುವ ಉಪಾಯ ಅಂದುಕೊಂಡಿದ್ದೆ. ಹುಳಕ್ಕೆ ವಾಸನೆ ನಿಜವಾಗಿಯೂ ತಡೆಯುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ಅಂಥ ಮನೆಯ ಪಡಸಾಲೆಗೆ ನಾನು ಒಂದು ಮಧ್ಯಾಹ್ನ, ಜಿಡ್ಡು ಮೆತ್ತಿಕೊಂಡು ಬಿಗಿದುಹೋಗಿದ್ದ ಹೊಲಿಗೆ ಮೆಷಿನ್ನೊಂದನ್ನು ತಂದು ಇಳಿಸಿದೆ. ಯಾವ ಮೆಕ್ಯಾನಿಕ್ಕನ್ನು ಕೇಳಿದರೂ ಇಂಥ ಮೆಷಿನ್ನಿಗೆ ಒಂದೇ ಮದ್ದು ಹೇಳುತ್ತಾನೆ, ಸೀಮೆಎಣ್ಣೆಯಲ್ಲಿ ನೆನೆಹಾಕು ಅಂತ.

ಅದು ರಾಮನಗರ ಬೇರೆ ಜಿಲ್ಲೆಯಾದ ವರ್ಷ. ಮೈಸೂರು ರಸ್ತೆ ಅಗಲವಾಗಿ ಅದರ ಅಕ್ಕಪಕ್ಕ ಗಾರ್ಮೆಂಟ್ಸುಗಳು ಎದ್ದಿದ್ದವು. ಮದುವೆಗೆ ಮುಂಚಿನಿಂದಲೂ ನಾನು ಅಂಥ ಒಂದರಲ್ಲಿ ಆಪರೇಟರ್ ಆಗಿದ್ದೆ. ಆಪರೇಟರ್ ಅಂದರೆ ದೊಡ್ಡದಾಗಿ ಕೇಳಿಸುತ್ತದೆ. ನಾನು ಹೊಲಿದದ್ದು ಕಾಲರ್ ಮಾತ್ರ. ತೋಳು ಬೇರೆಯವಳದು, ಜೇಬು ಇನ್ನೊಬ್ಬಳದು, ನನ್ನ ಕೈಯಿಂದ ಒಂದು ಪೂರ್ತಿ ಶರ್ಟು ಯಾವತ್ತೂ ಹೊರಗೆ ಬರಲಿಲ್ಲ. ಮೆಷಿನ್ ಕೆಟ್ಟರೆ ಕೈಯೆತ್ತಿ ಕೂರಬೇಕು. ಮೆಕ್ಯಾನಿಕ್ ಬಂದು ನಮ್ಮನ್ನು ಎಬ್ಬಿಸಿ, ಬೆನ್ನು ಅಡ್ಡ ಮಾಡಿಕೊಂಡು ಅದೇನನ್ನೋ ತಿರುಗಿಸಿ ಹೋಗುತ್ತಿದ್ದ. ನಾವು ಸ್ಕ್ರೂ ಮುಟ್ಟಿದರೆ ಬೈಗುಳ. ಆ ಬೆನ್ನಿನ ಆಚೆ ಏನು ನಡೆಯುತ್ತದೆ ಅಂತ ಇಣುಕಿ ಇಣುಕಿ ನನ್ನ ಕತ್ತು ಒಂದಿಷ್ಟು ಉದ್ದವೇ ಆಗಿರಬೇಕು.

ಆ ಫ್ಯಾಕ್ಟರಿ ಗಂಟುಮೂಟೆ ಕಟ್ಟಿಕೊಂಡು ಬೇರೆ ಊರಿಗೆ ಹೋಯಿತು. ಹೊಸ ಮೆಷಿನ್ನುಗಳು ಲಾರಿ ಹತ್ತಿದವು, ಹಳೆಯವು ಗುಜರಿ ಸೇರಿದವು. ನಾನು ಅತ್ತೆಯ ಹಿಂದೆ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋದೆ. ಸೊಪ್ಪು ಕೊಯ್ಯುವುದು ಕೀಳು ಕೆಲಸ ಅಂತ ನಾನು ಹೇಳುವುದಿಲ್ಲ. ನನಗೆ ಬೇಡವಾಗಿತ್ತು, ಅಷ್ಟೆ. ಬೆಳಗ್ಗೆ ಇಬ್ಬನಿ ಹಿಡಿದ ಗಿಡದ ನಡುವೆ ಬಗ್ಗಿದಾಗೆಲ್ಲ, ಇನ್ನು ಜೀವಮಾನವೆಲ್ಲ ಇದೇ ಏನು ಅನ್ನಿಸುತ್ತಿತ್ತು.

ಹೀಗಿರುವಾಗ ಗುಜರಿ ಹುಸೇನ್ ಊರಿಗೆ ಬಂದ. ಅವನ ಮೂರು ಚಕ್ರದ ಗಾಡಿಯಲ್ಲಿ ಒಡೆದ ಬಕೆಟ್ಟುಗಳ ನಡುವೆ ಆ ಮೆಷಿನ್ನು ಟೇಬಲ್ಲು, ಮೋಟಾರಿನ ಸಮೇತ ತಲೆಕೆಳಗಾಗಿ ಬಿದ್ದಿತ್ತು. ನಮ್ಮ ಫ್ಯಾಕ್ಟರಿಯದೇ, ಜಪಾನಿನದು. ಚಕ್ರ ಹಿಡಿದು ತಿರುಗಿಸಿ ನೋಡಿದೆ. ಜಗ್ಗಲಿಲ್ಲ.

“ಅದು ಕಚ್ಕೊಂಡೈತಮ್ಮ, ಕರಗ್ಸೋಕೆ ಹೋಯ್ತದೆ,” ಅಂದ ಹುಸೇನ್.

ಒಳಗೆ ಕೆಟ್ಟದ್ದೇನು ಅಂತ ನೋಡಲಾದರೂ ಅದು ನನಗೆ ಬೇಕಾಗಿತ್ತು. ಹಿತ್ತಲಲ್ಲಿ ಹಳೆಯ ಬೋರ್‌ವೆಲ್ಲಿನ ತುಕ್ಕು ಹಿಡಿದ ಪೈಪುಗಳಿದ್ದವು. ತೂಕಕ್ಕೆ ತೂಕ ಅಂತ ಮಾತಾಡಿ ಅವನ್ನು ಕೊಟ್ಟು ಇದನ್ನು ಇಳಿಸಿಕೊಂಡೆ.

ಅತ್ತೆ ಸಂತೆಯಿಂದ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. “ಆ ಪೈಪ ಚಪ್ರಕ್ಕೆ ಅಂತ ಮಡಗಿದ್ದೆ ಕಣಮ್ಮಿ. ಅದ್ನ ಕೊಟ್ಟು ಈ ಹೆಣ ತಂದಿದ್ದೀಯಲ್ಲ!”

“ರಿಪೇರಿ ಮಾಡ್ತೀನಿ ಅತ್ತೆ.”

“ಯಾವತ್ತಾದ್ರೂ ಮಾಡಿದ್ದೀಯಾ?”

“ಇಲ್ಲ.”

ಇಷ್ಟು ನಿಯತ್ತಾಗಿ ಉತ್ತರ ಬರುತ್ತದೆ ಅಂತ ಅವರು ಎಣಿಸಿರಲಿಲ್ಲ ಅಂತ ಕಾಣುತ್ತದೆ. ಒಳಮನೆಯ ಹುಳದ ತಟ್ಟೆಗಳ ಕಡೆ ಒಮ್ಮೆ ನೋಡಿದರು. ನಂತರ ತೀರ್ಪು ಬಂತು.

“ಹುಳ ಈಗ ಎಲ್ಡ್ನೇ ಜ್ವರ್ದಲ್ಲಿ ಅವೆ. ಹಣ್ಣಾದಾಗ ಈ ಪಡ್ಸಾಲೆ ತುಂಬ ಚಂದ್ರಿಕೆ ನಿಲ್ಲುಸ್ಬೇಕು. ಅಷ್ಟೊತ್ಗೆ ಇದು ಹೊಲುದ್ರೆ ಇಲ್ಲೇ ಇರ್ಲಿ. ನೀನು ಕುಂತ್ಕೊಂಡು ಹೊಲಿ, ಸೊಪ್ಪಿಗೆ ನಾನು ಬೇರೆ ಆಳು ನೋಡ್ಕೋತೀನಿ. ಹೊಲೀನಿಲ್ವಾ, ಹುಸೇನು ಬಂದು ಎತ್ಕೊಂಡು ಹೋಗ್ಲಿ, ನೀನು ಬಾಯಿ ಮುಚ್ಕೊಂಡು ಕುಡ್ಲು ಹಿಡೀಬೇಕು.”

ಹುಳ ಸಾಕದವರಿಗೆ ಈ ಗಡುವು ತಿಳಿಯಲಿಕ್ಕಿಲ್ಲ. ಹುಳ ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿ, ಜ್ವರ ಬಂದವರಂತೆ ಮಂಕಾಗಿ ನಿಂತು ಪೊರೆ ಬಿಡುತ್ತದೆ. ಅದಕ್ಕೇ ಜ್ವರ ಅನ್ನುವುದು. ನಾಲ್ಕನೆಯ ಜ್ವರ ಎದ್ದ ಮೇಲೆ ವಾರದ ಮಟ್ಟಿಗೆ ಹಗಲೂ ರಾತ್ರಿ ತಿಂದು, ಮೈಯೆಲ್ಲ ಹಳದಿ ತಿರುಗಿ ಹಣ್ಣಾಗುತ್ತದೆ. ಆಗ ಒಂದೊಂದನ್ನೂ ಆರಿಸಿ, ಬಿದಿರಿನ ಪಟ್ಟಿಯನ್ನು ಸುರುಳಿ ಸುತ್ತಿ ಮಾಡಿದ ಚಂದ್ರಿಕೆಯ ಮೇಲೆ ಬಿಟ್ಟರೆ ಅಲ್ಲಿ ಗೂಡು ಕಟ್ಟುತ್ತದೆ. ಹುಳಕ್ಕೆ ನಮ್ಮ ಅವಸರ ತಿಳಿಯುವುದಿಲ್ಲ, ಒಂದು ದಿನ ಹೆಚ್ಚಿಗೆ ಕೊಡು ಅಂತ ಅದನ್ನು ಬೇಡಿಕೊಳ್ಳುವಂತೆಯೂ ಇಲ್ಲ.

ನನ್ನ ಗಂಡ ಮನೋಹರ್ ಲಗೇಜ್ ಆಟೋ ಇಟ್ಟುಕೊಂಡು ಊರವರ ಗೂಡನ್ನು ರಾಮನಗರದ ಮಾರುಕಟ್ಟೆಗೆ ಸಾಗಿಸುತ್ತಿದ್ದ. ಒಳ್ಳೆಯವನು, ಆದರೆ ಅವನಿಗೆ ಎಲ್ಲದಕ್ಕೂ ಸುಲಭದ ದಾರಿಯೇ ಬೇಕು. ಮಾರನೆಯ ದಿನವೇ ಅಂಗಿಯ ಒಳಗೆ ಬಾಟಲಿ ಬಚ್ಚಿಟ್ಟುಕೊಂಡು ಬಂದ. ಬಿರಡೆ ತೆಗೆದಿದ್ದೇ ತಡ, ತೋಟದ ಬದುವಿನಿಂದ ಅತ್ತೆಯ ಕೂಗು ಕೇಳಿಸಿತು.

“ಯಾವನ್ಲಾ ಅದು, ಸೀಮೆಎಣ್ಣೆ ತಂದವ್ನು?”

“ಒಂದೇ ಒಂದು ತೊಟ್ಟು ಕಣವ್ವ.”

“ತೊಟ್ಟಲ್ಲ, ಅದರ ಗಾಳಿ ಸೋಕುದ್ರೂ ನೀನೂ ನಿನ್ನ ಹೆಂಡ್ರೂ ಹೊರಗೆ! ಬೀದಿಗೆ ಹೋಗಿ ಸುರುದ್ಬುಟ್ಟು ಬಾ!”

ಅವನು ಸುರಿದು, ಕೈಕಾಲು ತೊಳೆದು, ಅಂಗಿ ಬದಲಾಯಿಸಿಕೊಂಡು ಬಂದ ಮೇಲೇ ಒಳಗೆ ಬಿಟ್ಟಿದ್ದು. ನನಗೆ ಕೋಪ ಬಂದಿತ್ತು. ಆದರೆ ತಟ್ಟೆಯಲ್ಲಿ ತಲೆಯೆತ್ತಿ ನಿಂತಿದ್ದ ಆ ಸಣ್ಣ ಹುಳಗಳನ್ನು ನೋಡಿದರೆ ಅತ್ತೆಯ ಜೊತೆ ಜಗಳ ಮಾಡಲೂ ಬಾಯಿ ಬರಲಿಲ್ಲ.

ಸೀಮೆಎಣ್ಣೆ ಇಲ್ಲ ಅಂದ ಮೇಲೆ ಮೊದಲು ಕಾಯಿಲೆ ಏನು ಅಂತ ನೋಡಬೇಕಾಯಿತು. ಸ್ಕ್ರೂಡ್ರೈವರ್ ಹಿಡಿದು ಮುಂದಿನ ಮುಚ್ಚಳ ತೆಗೆದೆ. ಒಳಗೆಲ್ಲ ಕೆಂಪು! ಉಗುರಲ್ಲಿ ಕೆರೆದು ಮೂಸಿದೆ. ಕುಂಕುಮ. ಫ್ಯಾಕ್ಟರಿಯಲ್ಲಿ ಪ್ರತಿ ಆಯುಧಪೂಜೆಗೂ ನಾವು ಹುಡುಗಿಯರೇ ಪೈಪೋಟಿಯ ಮೇಲೆ ಮೆಷಿನ್ನುಗಳಿಗೆ ಅರಿಶಿನ, ಕುಂಕುಮ, ಗಂಧ ಬಳಿಯುತ್ತಿದ್ದೆವು. ಎಣ್ಣೆ ಇಳಿಯುವ ತೂತು, ದಾರ ಹಾಯುವ ತಟ್ಟೆ, ಅದು ಇದು ಅಂತ ನೋಡದೆ ಎಲ್ಲ ಕಡೆ ಬೊಟ್ಟು. ಅದು ವರ್ಷ ವರ್ಷವೂ ಎಣ್ಣೆಗೆ ಬೆರೆತು, ದಾರದ ಧೂಳು ಕುಡಿದು, ಕೀಲು ಕೀಲಿನಲ್ಲೂ ಹಲ್ವದ ಹಾಗೆ ಗಟ್ಟಿಯಾಗಿತ್ತು. ಮೆಷಿನ್ನು ಸವೆದಿರಲಿಲ್ಲ. ಪೂಜೆ ಹೆಚ್ಚಾಗಿ ಗಂಟಲು ಕಟ್ಟಿತ್ತು, ಅಷ್ಟೆ. ನನಗೆ ನಗು ತಡೆಯಲಾಗಲಿಲ್ಲ. ಆ ಬೊಟ್ಟಿಟ್ಟವಳು ನಾನೇ ಆಗಿದ್ದರೂ ಆಗಿದ್ದೇನು.

ಜಿಡ್ಡು ಅಂದ ಮೇಲೆ ಬಿಸಿನೀರಿಗೆ ಬಿಡಲೇಬೇಕಲ್ಲ ಅಂತ ಯೋಚನೆ ಹೊಳೆಯಿತು. ಆದರೆ ಒಬ್ಬಳ ಕೈಲಿ ಎತ್ತಲಾಗದ ಕಬ್ಬಿಣವನ್ನು ಮುಳುಗಿಸಿ ಕುದಿಸುವ ಪಾತ್ರೆ ಯಾರ ಮನೆಯಲ್ಲಿದೆ? ಮನೋಹರನಿಗೆ ತಟ್ಟನೆ ನೆನಪಾಯಿತು. ರಾಮನಗರದ ರೋಶನ್ ಬೀ ಅವನಿಂದ ಗೂಡು ಇಳಿಸಿಕೊಳ್ಳುವ ಗಿರಾಕಿ. ಗೂಡನ್ನು ಕುದಿನೀರಿಗೆ ಹಾಕಿ ನೂಲು ತೆಗೆಯುವ ಫಿಲೇಚರ್ ಅವರದು. ಅಲ್ಲಿ ದಿನವಿಡೀ ಬಾಯ್ಲರ್ ಉರಿಯುತ್ತದೆ.

ಟೇಬಲ್ಲಿನಿಂದ ಬಿಡಿಸಿ ಆಟೋದಲ್ಲಿ ಒಯ್ದ ಮೆಷಿನ್ನಿನ ತಲೆಯನ್ನು ರೋಶನ್ ಬೀ ನೋಡಿದರು, ನನ್ನನ್ನು ನೋಡಿದರು. “ಇದನ್ನ ಬೇಯಿಸ್ಬೇಕಾ?”

“ಹೂಂ.”

“ನಲವತ್ತು ವರ್ಷದಿಂದ ಇಲ್ಲಿ ಗೂಡು ಬೇಯ್ಸಿದೀವಿ ಬೇಟಿ. ಕಬ್ಬಿಣ ಬೇಯ್ಸಿಲ್ಲ.” ಹೀಗಂದು ಹೊರಗೆ ಹಾಕಿದ್ದ, ಗೂಡು ಬೇಯಿಸುವ ಹಳೆಯ ಬೇಸಿನ್ನೊಂದನ್ನು ತೋರಿಸಿದರು. “ನೂಲು ತೆಗೆಯೋದ್ರಲ್ಲಿ ಹಾಕ್ಬೇಡ, ನನ್ನ ರೇಷ್ಮೆ ಕೆಂಪಾಗ್ತದೆ. ಇದ್ರಲ್ಲಿ ಹಾಕು. ಏನಾಗ್ತದೆ ಅಂತ ನಾನೂ ನೋಡ್ತೀನಿ.”

ಸೂಜಿ, ಬಾಬಿನ್ ಕೇಸು, ಕೈಗೆ ಬಂದ ಸಣ್ಣ ಭಾಗಗಳನ್ನೆಲ್ಲ ತೆಗೆದಿಟ್ಟು, ಬೇಸಿನ್ನಿಗೆ ಹಬೆಯ ಪೈಪು ಬಿಟ್ಟು, ಬಟ್ಟೆ ಸೋಡಾ ಸುರಿದು, ಹಗ್ಗ ಕಟ್ಟಿ ಮೆಷಿನ್ನನ್ನು ಇಳಿಸಿದೆವು. ನೀರು ಮೊದಲು ಹಳದಿಯಾಯಿತು, ಆಮೇಲೆ ಕೆಂಪು, ಆಮೇಲೆ ಕಪ್ಪು. ನೂಲು ತೆಗೆಯುವ ಹೆಂಗಸರು ಒಬ್ಬೊಬ್ಬರಾಗಿ ಕೆಲಸ ಬಿಟ್ಟು ಬಂದು ಸುತ್ತ ನಿಂತರು. ರೋಶನ್ ಬೀ ಬೈಯಲಿಲ್ಲ, ಅವರೇ ಎಲ್ಲರಿಗಿಂತ ಮುಂದೆ ನಿಂತಿದ್ದರು. ಬಹಳ ಹೊತ್ತಾದ ಮೇಲೆ, ಕೈಗೆ ಬಟ್ಟೆ ಸುತ್ತಿಕೊಂಡು ಬಗ್ಗಿ ಚಕ್ರ ಹಿಡಿದೆ. ಮೊದಲು ಕಿರ್ರೆಂದಿತು. ನಂತರ ಮೆಲ್ಲಗೆ, ಬಲು ಮೆಲ್ಲಗೆ ನನ್ನ ಕಡೆಗೆ ಉರುಳಿತು. ಸೂಜಿ ಹಿಡಿಯುವ ಕಡ್ಡಿ ಕೆಳಗಿಳಿದು ಮೇಲೆ ಬಂತು. ಹೆಂಗಸರು ‘ಓ!’ ಅಂದರು. ನನಗೆ ಯಾರನ್ನಾದರೂ ತಬ್ಬಿಕೊಳ್ಳಬೇಕು ಅನ್ನಿಸಿತು, ಹತ್ತಿರದಲ್ಲಿ ರೋಶನ್ ಬೀಯೇ ಇದ್ದರು.

ತುಕ್ಕು ಹಿಡಿಯುವ ಮೊದಲು ಬಾಯ್ಲರಿನ ಮಗ್ಗುಲಲ್ಲಿ ಒಣಗಿಸಿ, ಅಲ್ಲೇ ಮೆಷಿನ್ ಎಣ್ಣೆ ಬಿಟ್ಟು ಮನೆಗೆ ತಂದೆವು. ಫಿಲೇಚರಿನ ಗಾಳಿ ಹುಳಕ್ಕೆ ರೋಗ ತಂದೀತು ಅಂತ ಅತ್ತೆ ಬ್ಲೀಚಿಂಗ್ ಪೌಡರಿನ ನೀರಲ್ಲಿ ನಮ್ಮ ಕಾಲು ತೊಳೆಸಿದರು, ಮೆಷಿನ್ನನ್ನು ಅಂಗಳದ ಬಿಸಿಲಿನಲ್ಲಿ ಮೂರು ದಿನ ಇರಿಸಿದರು. ಹುಳ ಆಗ ಮೂರನೆಯ ಜ್ವರದಲ್ಲಿತ್ತು.

ಇನ್ನು ಒಳಗಿನ ಭಾಗ ಬಿಚ್ಚಬೇಕು. ಬಿಚ್ಚುವುದು ಯಾರಿಗಾದರೂ ಬರುತ್ತದೆ, ಮತ್ತೆ ಸೇರಿಸುವುದರಲ್ಲಿದೆ ಕಷ್ಟ. ಯಾವುದಾದ ಮೇಲೆ ಯಾವುದು ಅಂತ ಮರೆತರೆ ಕಥೆ ಮುಗಿಯಿತು. ಹಿತ್ತಲ ಗೋಡೆಗೆ ಒರಗಿಸಿದ್ದ ಚಂದ್ರಿಕೆ ಕಣ್ಣಿಗೆ ಬಿತ್ತು. ಒಂದನ್ನು ನೆಲಕ್ಕೆ ಹಾಸಿ, ಸುರುಳಿಯ ಹೊರತುದಿಯಿಂದ ಶುರುಮಾಡಿ, ಬಿಚ್ಚಿದ್ದನ್ನು ಬಿಚ್ಚಿದ ಸಾಲಿನಲ್ಲೇ ಪಟ್ಟಿಗಳ ನಡುವೆ ಇಡುತ್ತ ಒಳಗೆ ಒಳಗೆ ಹೋದೆ. ಕೊನೆಯ ಸ್ಕ್ರೂ ನಟ್ಟನಡುವೆ ಬಂತು. ಸೇರಿಸುವಾಗ ನಡುವಿನಿಂದ ಹೊರಗೆ ಬಂದರಾಯಿತು.

ಅತ್ತೆ ಸೊಪ್ಪಿನ ಮಂಕರಿ ಹೊತ್ತು ಬಂದವರು ಬಾಗಿ ನೋಡಿದರು. “ನನ್ನ ಚಂದ್ರಿಕೇಲಿ ಮೊಳೆ ಬಿತ್ತಿದ್ದೀಯಾ?”

“ಸಾಲು ತಪ್ಬಾರ್ದು ಅಂತ ಅತ್ತೆ.”

“ಹಣ್ಣಾಗೋವಾಗ ನಂಗೆ ಇದೂ ಬೇಕು. ಗ್ಯಾಪಕದಲ್ಲಿ ಮಡಿಕ್ಕೊ,” ಅಂದರು. ಬೈದ ಹಾಗೇ ಇತ್ತು, ಆದರೆ ದಾಟಿ ಹೋಗುವಾಗ ಸೀರೆಯ ಅಂಚು ತಾಗದಂತೆ ಎತ್ತಿ ಹಿಡಿದು ಹೋದರು.

ಪ್ರತಿಯೊಂದು ಭಾಗವನ್ನೂ ಒರೆಸುವಾಗ ಇದು ಏನು ಮಾಡುತ್ತದೆ ಅಂತ ತಿರುವಿ ತಿರುವಿ ನೋಡುತ್ತಿದ್ದೆ. ಹೆಸರು ಗೊತ್ತಿಲ್ಲದ್ದಕ್ಕೆ ನಾನೇ ಹೆಸರಿಟ್ಟೆ, ಕೊಕ್ಕರೆ, ಕೋಡುಬಳೆ, ಮಾವಿನಕಾಯಿ ಅಂತ. ಎಣ್ಣೆ ಹೀರುವ ಒಳಗಿನ ಬತ್ತಿ ಸುಟ್ಟ ಹಾಗೆ ಕಪ್ಪಾಗಿತ್ತು; ದೇವರ ದೀಪದ ಹೊಸ ಬತ್ತಿ ಹೊಸೆದು ಹಾಕಿದೆ. ಈ ಮೆಷಿನ್ನಿನ ತಳದಲ್ಲಿ ಎಣ್ಣೆಯ ತೊಟ್ಟಿ ಇರುತ್ತದೆ. ಓಡುವಾಗ ಅದು ತಾನೇ ಎಣ್ಣೆಯನ್ನು ಮೇಲಕ್ಕೆತ್ತಿ ಕುಡಿಯುತ್ತದೆ. ತಲೆಯ ಮೇಲಿನ ಸಣ್ಣ ಗಾಜಿನ ಕಣ್ಣಲ್ಲಿ ಎಣ್ಣೆ ಚಿಮ್ಮುವುದು ಕಾಣಿಸಬೇಕು. ಆ ಗಾಜನ್ನು ಫ್ಯಾಕ್ಟರಿಯಲ್ಲಿ ದಿನವೂ ನೋಡುತ್ತಿದ್ದೆ, ಯಾಕೆ ಅಂತ ಗೊತ್ತಿರಲಿಲ್ಲ.

ನಮ್ಮದು ತೋಟದ ಮನೆ, ಬೋರ್‌ವೆಲ್ಲಿನ ಸ್ಟಾರ್ಟರ್ ಪೆಟ್ಟಿಗೆ ಹೊರಗೋಡೆಯಲ್ಲೇ ಇತ್ತು. ಮೆಷಿನ್ನಿನ ಮೋಟಾರಿಗೆ ಬೇಕಾದ ತ್ರೀ ಫೇಸ್ ಕರೆಂಟನ್ನು ಮನೋಹರ್ ಅಲ್ಲಿಂದಲೇ ಎಳೆದ. ಬೆಲ್ಟು ಹಾಕುವ ಮುಂಚೆ ಬರೀ ಮೋಟಾರನ್ನು ಓಡಿಸಿ ನೋಡಿದೆವು. ಮೋಟಾರಿನ ಮೈಮೇಲೆ ತಿರುಗಬೇಕಾದ ದಿಕ್ಕಿಗೆ ಬಾಣದ ಗುರುತಿತ್ತು. ಸರಿಯಾಗಿ ಆ ಕಡೆಗೇ ತಿರುಗಿತು. ಪಂಪುಸೆಟ್ಟು ಕಟ್ಟಿ ಕಟ್ಟಿ ಕೈ ಪಳಗಿದವನಿಗೆ ಅದೇನು ದೊಡ್ಡದಲ್ಲ. ಅದಾದ ಎರಡನೆಯ ದಿನ ಮಳೆ ಹುಯ್ದು, ನಮ್ಮ ಕಡೆಯ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು.

ಕರೆಂಟಿಲ್ಲದ್ದು ಒಳ್ಳೆಯದೇ ಆಯಿತು. ಮೆಷಿನ್ನನ್ನು ಸೇರಿಸಿ, ಕೈಯಲ್ಲೇ ಚಕ್ರ ತಿರುಗಿಸುತ್ತ, ಟೇಬಲ್ಲಿನ ಕೆಳಗೆ ಅಂಗಾತ ಮಲಗಿ ನೋಡಿದೆ. ಅಷ್ಟು ವರ್ಷ ಹೊಲಿದೂ ಹೊಲಿಗೆ ಹೇಗೆ ಬೀಳುತ್ತದೆ ಅಂತ ಅವತ್ತೇ ನಾನು ಕಂಡದ್ದು. ಸೂಜಿ ದಾರ ಹೊತ್ತು ತಳಕ್ಕೆ ಇಳಿಯುತ್ತದೆ. ಅಲ್ಲಿಂದ ಕೂದಲೆಳೆಯಷ್ಟು ಮೇಲೆದ್ದಾಗ ದಾರ ಸಡಿಲಗೊಂಡು ಪಕ್ಕಕ್ಕೆ ಉಬ್ಬುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಕೆಳಗಿನ ಕೊಕ್ಕೆ ಸುತ್ತಿ ಬಂದು ಆ ಉಬ್ಬಿನೊಳಗೆ ಮೂತಿ ತೂರಿಸಿ ಎಳೆದೊಯ್ಯುತ್ತದೆ. ಸ್ವಲ್ಪ ಮುಂಚೆ ಬಂದರೂ ಇಲ್ಲ, ತಡವಾದರೂ ಇಲ್ಲ. ನನ್ನ ಕೊಕ್ಕೆ ಮೊದಲು ತಡವಾಗಿ ಬರುತ್ತಿತ್ತು. ಸ್ಕ್ರೂ ಸಡಿಲಿಸಿ, ತುಸು ತಿರುಗಿಸಿ, ಬಿಗಿದು, ನೋಡಿ, ಮತ್ತೆ ಸಡಿಲಿಸಿ, ಹೀಗೆ ಒಂದು ಬೆಳಗಿನಿಂದ ಸಂಜೆವರೆಗೆ. ಊಟಕ್ಕೆ ಕರೆದದ್ದು ಕೇಳಿಸಲಿಲ್ಲ. ಕೊನೆಗೆ ಅದು ಹಿಡಿಯಿತು. ಅಷ್ಟು ಸಣ್ಣದೊಂದು ಸಂಗತಿಗೆ ನನಗೆ ಮೈಯೆಲ್ಲ ಜುಮ್ಮೆಂದಿತು.

ಆಮೇಲೆ ದಾರದ ಬಿಗಿ. ಕೆಳಗಿನ ದಾರದ ಉರುಳೆ ಕೂರುವ ಬಾಬಿನ್ ಕೇಸನ್ನು ಮೆಕ್ಯಾನಿಕ್ ದಾರದ ತುದಿಯಲ್ಲಿ ಹಿಡಿದು ತೂಗಾಡಿಸುತ್ತಿದ್ದದ್ದು ನೆನಪಿತ್ತು. ನಾನೂ ತೂಗಾಡಿಸಿದೆ. ಸರ್ರನೆ ಜಾರಿದರೆ ಸಡಿಲ, ಅಲ್ಲಾಡದೆ ನಿಂತರೆ ಬಿಗಿ. ಕೈ ಒಮ್ಮೆ ಎತ್ತಿದರೆ ಜೇಡದ ಹಾಗೆ ಒಂದು ಗೇಣು ಇಳಿದು ನಿಲ್ಲಬೇಕು. ಹಳೆಯ ಪಂಚೆಯ ತುಂಡಿನ ಮೇಲೆ ಕೈಯಲ್ಲೇ ತಿರುಗಿಸಿ ಹೊಲಿದೆ. ಎರಡೂ ಮಗ್ಗುಲಲ್ಲಿ ಒಂದೇ ಸಮನೆ, ಅಕ್ಕಿ ಪೋಣಿಸಿದ ಹಾಗೆ. ಅತ್ತೆಗೆ ತೋರಿಸಿದೆ.

“ಕೈಯಲ್ಲಿ ತಿರುಗ್ಸುದ್ರೆ ಆಯ್ತಾ? ಕರೆಂಟ್ನಲ್ಲಿ ಹೊಲೀಲಿ, ನೋಡಾನ,” ಅಂದರು. ಹುಳ ನಾಲ್ಕನೆಯ ಜ್ವರ ಎದ್ದು, ಒಳಮನೆಯಲ್ಲಿ ಸೊಪ್ಪು ತಿನ್ನುವ ಸದ್ದು ಮಳೆ ಸುರಿದ ಹಾಗೆ ಕೇಳುತ್ತಿತ್ತು.

ಹೊಸ ಟ್ರಾನ್ಸ್‌ಫಾರ್ಮರ್ ಬಂತು, ಕರೆಂಟೂ ಬಂತು. ಮೋಟಾರ್ ಹಾಕಿ, ಪಂಚೆಯ ತುಂಡಿಟ್ಟು ಪೆಡಲ್ ಒತ್ತಿದೆ. ಮೆಷಿನ್ನು ಗರ್ರೆಂದಿತು. ಬಟ್ಟೆ ಮುಂದಕ್ಕೆ ಹೋಗುವ ಬದಲು ನನ್ನ ಹೊಟ್ಟೆಯ ಕಡೆಗೆ ಬಂತು. ಬಟ್ಟೆಯ ತುಂಬ ತೂತು, ಒಂದೂ ಹೊಲಿಗೆಯಿಲ್ಲ.

ಕೈಯಲ್ಲಿ ತಿರುಗಿಸಿದರೆ ಹೊಲಿಯುತ್ತದೆ, ಕರೆಂಟಿನಲ್ಲಿ ಹೊಲಿಯುವುದಿಲ್ಲ! ಇದೆಂಥ ಮಾಯೆ? ಬಟ್ಟೆ ಹಿಂದಕ್ಕೆ ಬರುತ್ತಿದೆಯಲ್ಲ, ಹೊಲಿಗೆಯನ್ನು ಹಿಂದಕ್ಕೆ ಓಡಿಸುವ ಹಿಡಿ ಸಿಕ್ಕಿಹಾಕಿಕೊಂಡಿದೆ ಅಂದುಕೊಂಡು ಅದನ್ನು ಪೂರ್ತಿ ಬಿಚ್ಚಿದೆ. ಚೆನ್ನಾಗಿಯೇ ಇತ್ತು. ಗಾಜಿನ ಕಣ್ಣಲ್ಲಿ ಎಣ್ಣೆ ಚಿಮ್ಮುತ್ತಿರಲಿಲ್ಲ. ಎಣ್ಣೆಯೆತ್ತುವ ಪಂಪು ಕಟ್ಟಿಕೊಂಡಿದೆ ಅಂತ ಅದನ್ನು ಬಿಚ್ಚಿದೆ. ಅದೂ ಚೆನ್ನಾಗಿತ್ತು. ವೇಗಕ್ಕೆ ಕೊಕ್ಕೆಯ ಸ್ಕ್ರೂ ಜಾರುತ್ತಿರಬೇಕು ಅಂತ ಅದನ್ನು ಮತ್ತೆ ಬಿಗಿದೆ. ಒಂದೊಂದೂ ಸರಿ, ಎಲ್ಲ ಸೇರಿದರೆ ತಪ್ಪು. ಮನೋಹರನನ್ನು ಕೇಳಿದರೆ “ಮೋಟ್ರಲ್ಲಿ ಏನೂ ಇಲ್ಲ ಕಣೆ, ಬಾಣ ನೋಡೇ ಕಟ್ಟಿವ್ನಿ” ಅಂದ. ಅದು ನಿಜ, ನಾನೂ ನೋಡಿದ್ದೆ. ಹಾಗಾದರೆ ತಪ್ಪು ನನ್ನ ಕೈಯದೇ. ಸ್ಕ್ರೂ ಮುಟ್ಟಬೇಡ ಅಂತ ಫ್ಯಾಕ್ಟರಿಯಲ್ಲಿ ಬೈಯುತ್ತಿದ್ದದ್ದು ಸರಿಯೇ ಇತ್ತೇನೋ ಅನ್ನಿಸತೊಡಗಿತು. ಮನೋಹರನ ಮೇಲೆ ವಿನಾಕಾರಣ ರೇಗಿದೆ.

ಹಾಗಿರುವಾಗಲೇ ಒಂದು ಬೆಳಗ್ಗೆ ಅತ್ತೆ ತಟ್ಟೆಯಿಂದ ಹುಳವೊಂದನ್ನು ಎತ್ತಿ ಬೆಳಕಿಗೆ ಹಿಡಿದರು. ಜೇನಿನ ಬಣ್ಣಕ್ಕೆ ತಿರುಗಿ, ಆಚೆ ಈಚೆ ಕಾಣುವಷ್ಟು ತಿಳಿಯಾಗಿತ್ತು.

“ಹಣ್ಣಾದೋ,” ಅಂದರು. ಹುಸೇನನಿಗೆ ಫೋನು ಮಾಡಲು ಮನೋಹರನಿಗೆ ಹೇಳಿದರು. ನನ್ನ ಮುಖ ನೋಡಲಿಲ್ಲ.

ಹಣ್ಣು ಹುಳ ಆರಿಸುವ ದಿನ ಮನೆಯಲ್ಲಿ ಯಾರಿಗೂ ಬೇರೆ ಕೆಲಸವಿಲ್ಲ. ತಡಮಾಡಿದರೆ ತಟ್ಟೆಯಲ್ಲೇ ನೂಲು ಬಿಟ್ಟು ಹಾಳುಮಾಡಿಕೊಳ್ಳುತ್ತವೆ. ನಾನು, ಅತ್ತೆ ಎದುರುಬದುರು ಕುಳಿತು ಆರಿಸುತ್ತಿದ್ದೆವು. ಕೈತುಂಬ ತಣ್ಣನೆಯ ಹುಳ, ಕಣ್ಣ ಮುಂದೆ ಮಾತ್ರ ಆ ಮೆಷಿನ್ನು. ಅಷ್ಟು ದಿನ ಮಳೆಯಾಗಿದ್ದರಿಂದ ತೋಟಕ್ಕೆ ನೀರು ಬಿಟ್ಟಿರಲಿಲ್ಲ. ನೆಲ ಒಣಗಿತು ಅಂತ ಮನೋಹರ್ ಅವತ್ತೇ ಪಂಪು ಹಾಕಲು ಹೋದ. ಸ್ವಲ್ಪ ಹೊತ್ತಿಗೆ ಗೊಣಗುತ್ತ ಬಂದ.

“ಏನ್ಲಾ?” ಅಂದರು ಅತ್ತೆ.

“ಮೋಟ್ರು ಓಡ್ತೈತೆ, ನೀರು ಏರ್ತಿಲ್ಲ ಕಣವ್ವ. ಪಕ್ಕದ ತೋಟ್ದವರ್ದೂ ಅಂಗೇ. ಟ್ರಾನ್ಸ್‌ಫಾರ್ಮರ್ ಬದ್ಲಾಯ್ಸೋವಾಗ ಫೇಸು ಅದ್ಲುಬದ್ಲು ಆಗೋಗೈತೆ. ಈ ಲೈನಲ್ಲಿರೋ ಮೋಟ್ರೆಲ್ಲ ಉಲ್ಟಾ ತಿರುಗ್ತಾವೆ.”

ನನ್ನ ಕೈ ನಿಂತಿತು. ನೀರು ಏರುತ್ತಿಲ್ಲ. ಎಣ್ಣೆಯೂ ಏರುತ್ತಿಲ್ಲ. ಬಟ್ಟೆ ಹಿಂದಕ್ಕೆ ಬರುತ್ತದೆ. ಕೈಯಲ್ಲಿ ತಿರುಗಿಸುವಾಗ ನಾನು ಚಕ್ರವನ್ನು ಯಾವಾಗಲೂ ನನ್ನ ಕಡೆಗೇ ತಿರುಗಿಸುತ್ತೇನೆ. ಮೋಟಾರಿನ ವೇಗದಲ್ಲಿ ಚಕ್ರ ಯಾವ ಕಡೆಗೆ ತಿರುಗುತ್ತದೆ ಅಂತ ಯಾರಿಗೆ ಕಾಣುತ್ತದೆ? ಸೂಜಿಯನ್ನೇ ನೋಡಿ ಅಭ್ಯಾಸವಾದ ಕಣ್ಣು ಚಕ್ರದ ಕಡೆ ಹೊರಳಿರಲೇ ಇಲ್ಲ.

“ರೀ, ನಮ್ಮ ಮೆಷಿನ್ನೂ ಉಲ್ಟಾ ತಿರುಗ್ತೈತೆ!” ಅಂತ ಕಿರುಚಿಬಿಟ್ಟೆ.

ಮನೋಹರ್ ಹಣೆ ಬಡಿದುಕೊಂಡ. ಓಡಿಹೋಗಿ ಸ್ಟಾರ್ಟರಿನಲ್ಲಿ ಎರಡು ವೈರು ಬದಲಾಯಿಸಿದ. ತೋಟದಲ್ಲಿ ನೀರು ದಬದಬ ಬೀಳುವ ಸದ್ದು ಕೇಳಿಸಿತು. ನಾನು ಎದ್ದೆ.

“ಎಲ್ಲಿಗೆ?” ಅಂದರು ಅತ್ತೆ. “ಕುಂತ್ಕೊ. ಹುಳ ಕಾಯಕಿಲ್ಲ.”

“ಕರೆಂಟೂ ಕಾಯಲ್ಲ ಅತ್ತೆ. ಮಧ್ಯಾಹ್ನಕ್ಕೆ ಹೋಗ್ಬುಡ್ತೈತೆ.”

“ಅಂಗಾರೆ ಬೇಗ್ಬೇಗ ಆರ್ಸು.”

ಆರಿಸಿದೆ. ಅಷ್ಟು ಬೇಗ ನಾನು ಕಾಲರ್ ಕೂಡ ಹೊಲಿದಿರಲಿಲ್ಲ. ಕಣ್ಣಲ್ಲಿ ನೀರು ಬರುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಅತ್ತೆ ಅದನ್ನು ನೋಡಿದರು ಅಂತ ಕಾಣುತ್ತದೆ, ನನ್ನ ಮುಂದಿನ ತಟ್ಟೆಯನ್ನು ಸುಮ್ಮನೆ ತಮ್ಮ ಕಡೆಗೆ ಎಳೆದುಕೊಂಡರು. ಕೊನೆಯ ತಟ್ಟೆ ಮುಗಿಯುವಾಗ ಹುಸೇನನ ಗಾಡಿ ಅಂಗಳಕ್ಕೆ ಬಂದು ನಿಂತಿತ್ತು. ತುಂಬಿದ ಚಂದ್ರಿಕೆಗಳು ಜಗಲಿಯಲ್ಲಿದ್ದವು, ಅವು ಒಳಗೆ ಬರಬೇಕಾದರೆ ಮೆಷಿನ್ನು ಜಾಗ ಬಿಡಬೇಕಿತ್ತು.

“ಒಂದೇ ಸಲ,” ಅಂದರು ಅತ್ತೆ. “ಹುಳ ನೂಲು ಬುಡೋವಾಗ ಮನೆ ಅದುರುಸ್ಬಾರ್ದು.”

ಕೈ ತೊಳೆದು, ಸೆರಗಿಗೆ ಒರೆಸಿ, ಕುಳಿತೆ. ಸ್ವಿಚ್ಚು ಹಾಕಿದೆ. ಪಂಚೆಯ ತುಂಡಿಟ್ಟು ಪೆಡಲ್ ಮುಟ್ಟಿದೆ. ಬಟ್ಟೆ ನನ್ನಿಂದ ದೂರಕ್ಕೆ, ಮುಂದಕ್ಕೆ ಜಾರಿತು. ಗಾಜಿನ ಕಣ್ಣಿನೊಳಗೆ ಎಣ್ಣೆ ಚಿಮ್ಮಿತು. ತುದಿ ಮುಟ್ಟಿ ನಿಲ್ಲಿಸಿ ಬಟ್ಟೆ ತೆಗೆದು ನೋಡಿದರೆ ಮೇಲೂ ಕೆಳಗೂ ಒಂದೇ ಹೊಲಿಗೆ, ಒಂದೂ ತಪ್ಪಿಲ್ಲ. ತಪ್ಪು ನನ್ನ ಕೈಯದಾಗಿರಲಿಲ್ಲ. ಅದನ್ನು ಅರಗಿಸಿಕೊಳ್ಳುವಷ್ಟರಲ್ಲಿ ನಾನು ಅಳುತ್ತಿದ್ದೆ, ಹುಸೇನನ ಎದುರಿಗೇ.

ಅತ್ತೆ ಬಟ್ಟೆಯನ್ನು ತೆಗೆದುಕೊಂಡರು. ಎರಡು ಕೈಯಲ್ಲಿ ಹಿಡಿದು ಬಲವಾಗಿ ಜಗ್ಗಿದರು. ತಿರುಗಿಸಿ ನೋಡಿ ಮತ್ತೆ ಜಗ್ಗಿದರು. ದಾರ ಕಿತ್ತುಬರಲಿಲ್ಲ.

“ಹುಸೇನು, ಕಾಫಿ ಕುಡ್ಕೊಂಡು ಹೋಗು. ಗಾಡಿ ಬರಿದೇ ಹೋಗ್ಲಿ,” ಅಂದರು.

ಅವನು ಕಾಫಿ ಕುಡಿದು ಹೋದ. ಕರೆಂಟೂ ಹೋಯಿತು. ಮೆಷಿನ್ನನ್ನು ಕಿಟಕಿಯ ಪಕ್ಕಕ್ಕೆ ಸರಿಸಿ ಚಂದ್ರಿಕೆಗಳನ್ನು ಒಳಗೆ ತಂದು ನಿಲ್ಲಿಸಿದೆವು. ನಾನು ಮತ್ತೆ ಮೆಷಿನ್ನಿನ ಮುಂದೆ ಹೋಗಿ ಕುಳಿತೆ, ಅದನ್ನು ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಅತ್ತೆ ಎದುರಿಗೆ ಬಂದು ನಿಂತರು.

“ಇದೇನೋ ಹೊಲೀತದೆ,” ಅಂದರು. “ನೀನು ಹೊಲೀತೀಯಾ?”

ಮೆಷಿನ್ನಿನ ಗಡಿಬಿಡಿಯಲ್ಲಿ ನಾನು ಮುಂದಕ್ಕೆ ಮುಂದಕ್ಕೆ ತಳ್ಳುತ್ತ ಬಂದಿದ್ದ ಪ್ರಶ್ನೆ ಅದೇ.

“ಕಾಲರ್ ಹೊಲೀತೀನಿ.”

“ನಾನೇನು ಶರ್ಟ್ ಹಾಕ್ತೀನಾ? ಊರ ಹೆಂಗಸ್ರು ಕಾಲರ್ ಹೊಲಿ ಅಂತ ಬತ್ತಾರಾ?”

“ಇಲ್ಲ ಅತ್ತೆ. ನಂಗೆ ಅದು ಬುಟ್ರೆ ಏನೂ ಬರಕಿಲ್ಲ.”

ಹೇಳಿ ತಲೆ ತಗ್ಗಿಸಿದೆ. ಕುಡುಗೋಲು ಎಲ್ಲಿ ಇಟ್ಟಿದ್ದೇನೆ ಅಂತ ನೆನಪು ಮಾಡಿಕೊಳ್ಳುವುದೊಂದು ಬಾಕಿ ಇತ್ತು. ಅತ್ತೆ ಒಳಗೆ ಹೋದರು, ಟ್ರಂಕಿನ ಮುಚ್ಚಳ ತೆಗೆದ ಸದ್ದಾಯಿತು. ಬರುವಾಗ ಕೈಯಲ್ಲಿ ಹಸಿರು ರೇಷ್ಮೆಯ ರವಿಕೆ ಇತ್ತು. ನಮ್ಮ ಮದುವೆಗೆಂದು ಚನ್ನಪಟ್ಟಣದ ದರ್ಜಿ ಹೊಲಿದದ್ದು. ಮೈಗೆ ಸರಿಯಾಗಿ ಕೂರುವ ರವಿಕೆ ಅಂತ ಅವರಿಗೆ ಇದ್ದದ್ದು ಅದೊಂದೇ. ಅದನ್ನು ಮೆಷಿನ್ನಿನ ಮೇಲೆ ಇಟ್ಟರು.

“ಬಿಚ್ಚು.”

“ಅತ್ತೆ, ಇದು ರೇಷ್ಮೆ...”

“ಗೊತ್ತು ಕಣಮ್ಮಿ, ಹುಳ ಸಾಕೋಳು ನಾನು. ಬಿಚ್ಚು. ಹೆಂಗೆ ಹೊಲ್ದವ್ನೆ ಅಂತ ನೋಡು. ಆಮೇಲೆ ಸೇರ್ಸು.”

ನಾನು ಬ್ಲೇಡು ತೆಗೆದುಕೊಂಡೆ. ಬಗಲಿನ ಹೊಲಿಗೆಯ ಮೊದಲ ದಾರ ಕಡಿಯುವಾಗ ಅತ್ತೆ ಕಣ್ಣು ಮುಚ್ಚಿಕೊಂಡರು. ಎರಡನೆಯದಕ್ಕೆ ಒಂದು ಕಣ್ಣು ತೆರೆದರು. ಆಮೇಲೆ ಮಣೆ ಎಳೆದುಕೊಂಡು ಪಕ್ಕದಲ್ಲೇ ಕುಳಿತು, “ಒಸಿ ಈ ಕಡೆ ತಿರುಗ್ಸು, ನಂಗೂ ಕಾಣ್ಲಿ” ಅಂದರು.